ಡ್ರೈವರ್ ಸೀಟಿನ ತೂಕ

ಟೈಲರ್ ತನ್ನ ಕಾರನ್ನು ಶೆಡ್ಡಿನ ಮುಂದೆ ನಿಲ್ಲಿಸಿ ಕೆಳಗಿಳಿದ. ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪು ತೆಗೆದು ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತ. ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎಡಗಡೆ ಅಳೆದ. ಸುತ್ತಿ ಬಂದು ಬಲಗಡೆಯೂ ಅಳೆದ. ಆಮೇಲೆ ಟೇಪಿನ ಮೇಲೆ ಹೆಬ್ಬೆರಳಿನ ಉಗುರು ಒತ್ತಿಕೊಂಡೇ ಎದ್ದು ಬಂದು ಸ್ಪ್ರಿಂಗ್ ಮೇಸ್ತ್ರಿಯ ಮೂಗಿನ ಮುಂದೆ ಹಿಡಿದ.

"ನೋಡಿ ಇಲ್ಲಿ. ಬಲಗಡೆ ಒಂದು ಬೆರಳು ಮೇಲಿದೆ. ನಾನು ಪ್ಯಾಂಟು ಹೀಗೆ ಹೊಲಿದು ಕೊಟ್ಟಿದ್ರೆ ನೀವು ಮುಖದ ಮೇಲೆ ಎಸೆದು ಹೋಗ್ತಿದ್ರಿ."

ಮೇಸ್ತ್ರಿ ಟೇಪಿನ ಕಡೆ ನೋಡಲಿಲ್ಲ. ಅವನಿಗೆ ಟೇಪು ಬೇಕಿರಲಿಲ್ಲ. ಕಾರು ಬೀದಿ ತಿರುಗುವಾಗಲೇ ಕಂಡಿತ್ತು, ಒಂದು ಭುಜ ಎತ್ತಿಕೊಂಡು ನಡೆಯುವ ಜಂಬದ ಮನುಷ್ಯನ ಹಾಗೆ ಬರುತ್ತಿದೆ ಎಂದು. ಆದರೆ ಕಂಡದ್ದನ್ನು ಒಪ್ಪಿಕೊಳ್ಳಲು ಮನಸ್ಸು ಬರಬೇಕಲ್ಲ.

"ಹೊಸ ಸ್ಪ್ರಿಂಗು. ಕೂತ್ಕೊಳ್ಳೋಕೆ ಟೈಮ್ ಬೇಕು," ಎಂದ.

"ಹೋದ ಸಲ ಬಂದಾಗಲೂ ಇದೇ ರಾಗ. ನಿಮ್ಮ ಸ್ಪ್ರಿಂಗು ಕೂತ್ಕೊಳ್ಳೋಷ್ಟರಲ್ಲಿ ನಾನು ಮಲಗಿಬಿಡ್ತೀನಿ ಅಷ್ಟೆ."

ನೆಟ್ಟಗೆ ನಿಂತಿರುವ ಕಾರನ್ನು ಕುಳ್ಳಗೆ ಮಾಡಿಸಿಕೊಳ್ಳುವ ಹುಚ್ಚು ಜನಕ್ಕೆ ಯಾಕೆ ಹಿಡಿಯುತ್ತದೋ ನನಗೆ ಗೊತ್ತಿಲ್ಲ. ಕಂಪನಿಯವರು ಕೊಟ್ಟ ಸ್ಪ್ರಿಂಗು ಬಿಚ್ಚಿಸಿ, ಗಿಡ್ಡನೆಯದು ಹಾಕಿಸಿ, ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರವಾದರೆ ಅದೇನೋ ಸೊಗಸು ಅಂತೆ. ರಸ್ತೆಯ ಒಂದೊಂದು ಉಬ್ಬಿಗೂ ಕೆಳಗೆ ಕೆರೆದಾಗ ಹಲ್ಲು ಕಡಿದುಕೊಂಡು ಕೂರುತ್ತಾರೆ, ಆದರೂ ಖುಷಿ. ಮೇಸ್ತ್ರಿ ಯಾಕೆ ಎಂದು ಯಾರನ್ನೂ ಕೇಳಿದವನಲ್ಲ. ಅವನ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಹುಚ್ಚಿನಿಂದ. ವಯಸ್ಸಿನಲ್ಲಿ ಬಸ್ಸಿನ ಡಿಪೋದಲ್ಲಿ ಪಟ್ಟಿ ಸ್ಪ್ರಿಂಗು ಬಡಿದು ಕೈ ಪಳಗಿಸಿಕೊಂಡವನು, ಆಮೇಲೆ ಈ ಶೆಡ್ಡು ಹಾಕಿದ. ತಾನೇ ಗಿಡ್ಡ, ಅದಕ್ಕೇ ಊರಿನ ಕಾರುಗಳನ್ನೆಲ್ಲ ತನ್ನ ಎತ್ತರಕ್ಕೆ ಇಳಿಸಿಕೊಳ್ಳುತ್ತಿದ್ದಾನೆ ಎಂದು ಎದುರಿನ ಟೀ ಅಂಗಡಿಯವನು ಆಡಿಕೊಂಡು ನಗುತ್ತಿದ್ದ. ಮೇಸ್ತ್ರಿಯೂ ನಗುತ್ತಿದ್ದ. ಯಾಕೆಂದರೆ ಅವನು ಇಳಿಸಿದ ಕಾರು ಯಾವತ್ತೂ ವಾಲಿರಲಿಲ್ಲ. ಬಾನೆಟ್ಟಿನ ಮೇಲೆ ತುಂಬಿದ ಟೀ ಲೋಟ ಇಟ್ಟು, "ಚೆಲ್ಲಿದ್ರೆ ಹೇಳಿ," ಎಂದು ಗಿರಾಕಿಗೆ ಸವಾಲು ಹಾಕುವಷ್ಟು ಸೊಕ್ಕು ಇತ್ತು ಅವನಿಗೆ.

ಆ ಸೊಕ್ಕು ಈಗ ಇರಲಿಲ್ಲ. ಟೈಲರ್ ಕಾರೊಂದೇ ಆಗಿದ್ದರೆ ಸ್ಪ್ರಿಂಗಿನ ತಪ್ಪು ಎನ್ನಬಹುದಿತ್ತು. ಅದಕ್ಕೆ ಮುಂಚೆ ಒಬ್ಬ ಟ್ಯಾಕ್ಸಿಯವನ ಕಾರು, ಅದಕ್ಕೂ ಮುಂಚೆ ಸಂಗೀತದ ಮೇಷ್ಟ್ರ ಕಾರು, ಎರಡೂ ಬೀದಿಯಲ್ಲಿ ಎದುರಾದಾಗ ಮೇಸ್ತ್ರಿ ಮುಖ ಆ ಕಡೆ ತಿರುಗಿಸಿಕೊಂಡಿದ್ದ. ಎರಡರದ್ದೂ ಬಲಗಡೆಯೇ ಎತ್ತರ. ಅವರಿಗೆ ಟೈಲರ್ ಕಣ್ಣು ಇರಲಿಲ್ಲ, ಸದ್ಯ, ಅದಕ್ಕೆ ಬಚಾವಾಗಿದ್ದ.

ಎಲ್ಲವೂ ಅವನ ಹೆಂಡತಿ ಹೋದ ಮೇಲೆ ಮಾಡಿದ ಕಾರುಗಳು. ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧ? ಹೆಂಡತಿ ಇಲ್ಲದಿದ್ದರೆ ಮನೆಯಲ್ಲಿ ಪಾತ್ರೆ ರಾಶಿ ಬೀಳುತ್ತದೆ, ಅಂಗಿಯ ಗುಂಡಿ ಕಿತ್ತು ಹೋಗುತ್ತದೆ, ಸರಿ. ಕಾರು ಯಾಕೆ ವಾಲಬೇಕು? ಅದು ಅವನ ತಲೆಗೇ ಹೋಗಿರಲಿಲ್ಲ.

ಹೋದದ್ದು ಅಂದರೆ ಮುನಿಸಿಕೊಂಡು ಹೋದದ್ದಲ್ಲ. ಬೇರೆ ಊರಲ್ಲಿದ್ದ ಅವಳ ಅಕ್ಕ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡಿದ್ದಳು. ಗಂಡ ತೀರಿಕೊಂಡ ಒಂಟಿ ಹೆಂಗಸು, ನೋಡಿಕೊಳ್ಳುವವರು ಯಾರು? "ಅಕ್ಕನ ಕಾಲು ಕೂಡೋವರೆಗೆ," ಎಂದು ಒಂದು ಚೀಲ ಹಿಡಿದು ಬಸ್ಸು ಹತ್ತಿದಳು. ಕಾಲು ಕೂಡಿತು. ಕೋಲು ಹಿಡಿದು ನಡೆದದ್ದಾಯಿತು, ಕೋಲು ಬಿಟ್ಟು ನಡೆದದ್ದೂ ಆಯಿತು. ಇವಳು ಬರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಮಾಡುತ್ತಿದ್ದಳು. ಇವನು, "ಅಕ್ಕ ಹೇಗಿದ್ದಾರೆ?" ಎನ್ನುತ್ತಿದ್ದ. ಅವಳು, "ಪರವಾಗಿಲ್ಲ. ನಿಮ್ಮ ಊಟ ಆಯ್ತಾ?" ಎನ್ನುತ್ತಿದ್ದಳು. ಆಯ್ತು ಎಂದರೆ ಆಯ್ತು. ಯಾವಾಗ ಬರ್ತೀಯ ಎಂಬ ಎರಡು ಪದ ಗಂಟಲವರೆಗೆ ಬಂದು ಅಲ್ಲೇ ಕೂತುಬಿಡುತ್ತಿದ್ದವು. ಕೇಳಿದರೆ, ಬರಲ್ಲ ಅಂದುಬಿಟ್ಟರೆ? ಕೇಳದೆ ಇದ್ದರೆ ಕೊನೇಪಕ್ಷ ನಾಳೆ ಬರಬಹುದು ಎಂಬುದಾದರೂ ಉಳಿಯುತ್ತದೆ. ಹೀಗೆ ಲೆಕ್ಕ ಹಾಕುವ ಬೆಪ್ಪುತಕ್ಕಡಿ ಅವನು.

ಅವರಿಗೆ ಮಕ್ಕಳಿರಲಿಲ್ಲ. ಶೆಡ್ಡಿನ ಹಿಂಗೋಡೆಗೆ ಅಂಟಿಕೊಂಡೇ ಎರಡು ಕೋಣೆಯ ಮನೆ. ಮನೆಗೂ ಶೆಡ್ಡಿಗೂ ನಡುವೆ ಒಂದು ಬಾಗಿಲು, ಅದನ್ನು ಹಗಲು ಹೊತ್ತು ಮುಚ್ಚಿದ್ದೇ ಇಲ್ಲ. ಈಗಲೂ ಮುಚ್ಚುತ್ತಿರಲಿಲ್ಲ. ಆಚೆಯಿಂದ ಏನೂ ಸದ್ದು ಬರುವುದಿಲ್ಲ ಎಂದು ಗೊತ್ತಿದ್ದೂ ಕೆಲಸದ ನಡುವೆ ಅವನ ಕಿವಿ ಆ ಕಡೆಗೇ ಇರುತ್ತಿತ್ತು. ಅವಳು ಬಿಟ್ಟು ಹೋದ ಹಳೆಯ ಸ್ವೆಟರು ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಅದನ್ನು ತೆಗೆದು ಮಡಿಸಿಡಬೇಕೆಂದು ಅಂದುಕೊಳ್ಳುತ್ತಲೇ ಇದ್ದ. ಮಡಿಸಿಟ್ಟರೆ ಅವಳು ನಿಜವಾಗಿ ಹೋದ ಹಾಗಾಗುತ್ತದೆ ಎಂದು ಬಿಟ್ಟಿದ್ದ.

ಟೈಲರ್ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು ಸ್ಟೂಲಿನ ಮೇಲೆ ಕೂತ. "ಇವತ್ತು ಅಂಗಡಿ ರಜ. ಸರಿ ಆಗೋವರೆಗೆ ನಾನು ಏಳಲ್ಲ," ಎಂದ. ಹಳೆಯ ಸ್ನೇಹಿತ, ಹೇಳಿದ ಹಾಗೆ ಮಾಡುವವನು. ಮೇಸ್ತ್ರಿ ಅಂಗಿಯ ತೋಳು ಮಡಿಸಿದ.

ಮೊದಲು ಕಾರನ್ನು ಶೆಡ್ಡಿನ ಒಳಗೆ, ಗುಂಡಿಯ ಮೇಲೆ ನಿಲ್ಲಿಸಿದ. ಈ ಗುಂಡಿ ಮೇಸ್ತ್ರಿಯೇ ತೋಡಿಸಿ ಸಿಮೆಂಟು ಹಾಕಿಸಿದ್ದು. ಕಾರು ಮೇಲೆ ತನ್ನ ನಾಲ್ಕು ಚಕ್ರದ ಮೇಲೆ ನಿಂತಿರುತ್ತದೆ, ಇವನು ಕೆಳಗಿಳಿದು ಅದರ ಹೊಟ್ಟೆಗೆ ಕೈ ಹಾಕುತ್ತಾನೆ. ಶೆಡ್ಡಿನ ನೆಲವೇನಾದರೂ ಒಂದು ಕಡೆ ಕುಸಿದಿದೆಯೋ ಎಂದು ನೀರು ಚೆಲ್ಲಿ ನೋಡಿದ. ಕುಸಿದಿರಲಿಲ್ಲ. ನಾಲ್ಕು ಟೈರಿನ ಗಾಳಿ ನೋಡಿದ. ಸರಿಯಿತ್ತು. ಡಿಕ್ಕಿ ತೆರೆಸಿ ಟೈಲರ್‌ನ ಬಟ್ಟೆಯ ಗಂಟು, ಇಸ್ತ್ರಿ ಪೆಟ್ಟಿಗೆ, ಮುರಿದ ಹೊಲಿಗೆ ಮಿಷನ್ನಿನ ತಲೆ ಎಲ್ಲ ಕೆಳಗಿಳಿಸಿದ.

"ಮಿಷನ್ ಎಡಗಡೆ ಇತ್ತು ಮೇಸ್ತ್ರಿ. ಅದಕ್ಕೇ ಬಲಗಡೆ ಎದ್ದಿತ್ತೇನೋ," ಎಂದು ಟೈಲರ್ ತಾನೇ ನೆಪ ಹುಡುಕಿ ಕೊಟ್ಟ.

ಮಿಷನ್ ಇಳಿಸಿದ ಮೇಲೂ ಬಲಗಡೆ ಅಲ್ಲೇ ಇತ್ತು.

ಕಾರು ಎತ್ತಿ ಎರಡು ಕಡೆಯ ಸ್ಪ್ರಿಂಗೂ ಹೊರಗೆ ತೆಗೆದ. ಪಕ್ಕಪಕ್ಕ ನಿಲ್ಲಿಸಿ ನೋಡಿದ, ಅವಳಿ ಮಕ್ಕಳ ಹಾಗೆ ಒಂದೇ ಎತ್ತರ. ಸ್ಪ್ರಿಂಗಿನ ತುದಿ ಕೂರುವ ಬಟ್ಟಲಿನಲ್ಲಿ ಸರಿಯಾಗಿ ಕೂತಿತ್ತೇ ಎಂದು ರಬ್ಬರಿನ ಮೇಲಿನ ಗುರುತು ನೋಡಿದ. ಕೂತಿತ್ತು. ಆದರೂ ಇರಲಿ ಎಂದು ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದ. ತಪ್ಪು ಸ್ಪ್ರಿಂಗಿನದ್ದಾದರೆ ಈಗ ಎಡಗಡೆ ಎತ್ತರವಾಗಬೇಕು. ಕೆಳಗಿಳಿಸಿ, ಮುಂದೆ ಹಿಂದೆ ತಳ್ಳಿ, ಬಾನೆಟ್ಟಿನ ಮೇಲೆ ಕೈಯೂರಿ ನಾಲ್ಕು ಸಲ ಕುಲುಕಿದ. ಟೈಲರ್ ಸ್ಟೂಲಿನಿಂದ ಎದ್ದು ಬಂದು ಅಳೆದ.

"ಬಲಗಡೆಯೇ," ಎಂದ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಸ್ನೇಹಿತನ ಮುಖ ಬಿಳಿಚಿಕೊಂಡದ್ದನ್ನು ನೋಡಿದ್ದ. "ಬಿಡಿ ಮೇಸ್ತ್ರಿ. ಒಂದು ಬೆರಳು ತಾನೇ. ಯಾರು ನೋಡ್ತಾರೆ?"

"ನೀವು ನೋಡಿದ್ರಲ್ಲ," ಎಂದ ಮೇಸ್ತ್ರಿ. ಗುಂಡಿಗೆ ಇಳಿದ.

ತಲೆ ಮೇಲೆ ಕಾರಿನ ಹೊಟ್ಟೆ. ದೀಪ ಹಿಡಿದು ಬಲ ಚಕ್ರದ ಕಡೆ ನೋಡಿದ. ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳು, ಅದರ ಬುಡದಲ್ಲಿ ರಬ್ಬರಿನ ಬುಷ್, ಬುಷ್ಷಿನ ನಡುವೆ ಹೆಬ್ಬೆರಳು ದಪ್ಪದ ಬೋಲ್ಟು. ರಬ್ಬರು ತಿರುಚಿಕೊಂಡಿತ್ತು. ಹಿಂಡಿದ ಬಟ್ಟೆಯ ಹಾಗೆ ಮೈಯಲ್ಲಿ ಸುರುಳಿ ಗೆರೆ ಬಿದ್ದಿದ್ದವು. ಎಡಗಡೆ ನೋಡಿದ, ಅದು ನಿರಾಳವಾಗಿತ್ತು. ಮತ್ತೆ ಬಲಗಡೆ ಬಂದು ಬೋಲ್ಟಿಗೆ ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟು ಎಳೆದ. ಬೋಲ್ಟು ಸಡಿಲವಾದದ್ದೇ ತಡ, ತೋಳು 'ಟಕ್' ಎಂದಿತು, ಇಡೀ ಕಾರು ನಿಟ್ಟುಸಿರು ಬಿಟ್ಟು ಬಲಗಡೆ ಒಂದು ಬೆರಳು ಕೆಳಗೆ ಬಂತು.

"ಇಳೀತು! ಇಳೀತು!" ಎಂದು ಮೇಲೆ ಟೈಲರ್ ಕೂಗಿದ.

ಮೇಸ್ತ್ರಿ ಗುಂಡಿಯ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟ. ಕಾರನ್ನು ಗಾಳಿಯಲ್ಲಿ ಎತ್ತಿದಾಗ, ಚಕ್ರ ಜೋತು ಬಿದ್ದಿರುವಾಗ ಆ ಬೋಲ್ಟು ಬಿಗಿಯಬಾರದು. ಬಿಗಿದರೆ ರಬ್ಬರು ಜೋತು ಬಿದ್ದ ಭಂಗಿಯನ್ನೇ ಹಟ ಹಿಡಿದುಕೊಳ್ಳುತ್ತದೆ, ಕೆಳಗಿಳಿಸಿದ ಮೇಲೂ ಆ ಮೂಲೆಯನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಕಾರು ತನ್ನ ಕಾಲ ಮೇಲೆ ತಾನು ನಿಂತಾಗ ಮಾತ್ರ ಬಿಗಿಯಬೇಕು. ಇದು ಕೆಲಸ ಕಲಿಯಲು ಬಂದ ಮೊದಲ ವಾರ ಬೈಸಿಕೊಂಡು ಕಲಿಯುವ ಪಾಠ. ಕೂದಲು ನರೆತ ಮೇಲೆ ಅವನು ಅದನ್ನು ಹೇಗೆ ಮರೆತ?

ಮರೆತದ್ದಲ್ಲ. ನಿಂತು ಯೋಚಿಸಿದಾಗ ಅವನಿಗೆ ಹೊಳೆಯಿತು.

ಈ ಶೆಡ್ಡಿನಲ್ಲಿ ಆ ಪಾಠಕ್ಕೆ ಬೇರೆಯೇ ಹೆಸರಿತ್ತು. ಸ್ಪ್ರಿಂಗು ಹಾಕಿ, ಜಾಕು ಇಳಿಸಿ, ಗುಂಡಿಗಿಳಿದು ಎಡಗಡೆಯ ಬೋಲ್ಟು ಬಿಗಿದ ಮೇಲೆ ಮೇಸ್ತ್ರಿ ಹಿಂಬಾಗಿಲ ಕಡೆ ಮುಖ ಮಾಡಿ, "ಬಾರೇ!" ಎಂದು ಕೂಗುತ್ತಿದ್ದ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದಳು. ಇನ್ನೊಬ್ಬರ ಕಾರು ಎಂದು ಚಪ್ಪಲಿ ಗುಂಡಿಯ ಅಂಚಿನಲ್ಲಿ ಬಿಟ್ಟು, ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದಳು. ಕಾರು ಓಡುವಾಗ ಆ ಸೀಟು ಖಾಲಿ ಇರುವುದಿಲ್ಲವಲ್ಲ, ಹಾಗಾಗಿ ಬಲಗಡೆ ಬಿಗಿಯುವಾಗ ಅಲ್ಲಿ ಒಂದು ಜೀವ ಕೂತಿರಬೇಕು ಎಂಬುದು ಮೇಸ್ತ್ರಿಯ ಹಟ. ಬೇರೆ ಯಾವ ಶೆಡ್ಡಿನಲ್ಲೂ ಇಷ್ಟು ಮಡಿ ಇಲ್ಲ. ಅವಳು ಕೂತ ಮೇಲೆ ಇವನು ಬಲಗಡೆಯ ಬೋಲ್ಟು ಬಿಗಿಯುತ್ತಿದ್ದ. ಮದುವೆಯಾಗಿ ಬಂದ ಹೊಸದರಲ್ಲಿ ಶುರುವಾದದ್ದು, ಅವಳು ಬಸ್ಸು ಹತ್ತುವ ದಿನದವರೆಗೂ ನಡೆದಿತ್ತು.

ಅವಳು ಹೋದ ಮೇಲೆ ಬಂದ ಮೊದಲ ಕಾರಿನಲ್ಲಿ ಅವನು ಎಡಗಡೆ ಬಿಗಿದು, ಅಭ್ಯಾಸಬಲದಿಂದ "ಬಾರೇ!" ಎಂದು ಕೂಗಿಬಿಟ್ಟಿದ್ದ. ಶೆಡ್ಡು ಗಪ್‌ಚಿಪ್. ಸ್ವಲ್ಪ ಹೊತ್ತಾದ ಮೇಲೆ ಎದುರಿನಿಂದ ಟೀ ಅಂಗಡಿಯವನು ಬಂದು ಬಗ್ಗಿ ನೋಡಿ, "ಕರೆದ್ರಾ ಮೇಸ್ತ್ರಿ?" ಎಂದಿದ್ದ. ಅವಮಾನದಿಂದ ಕಿವಿಯವರೆಗೂ ಬಿಸಿಯಾಗಿತ್ತು ಮೇಸ್ತ್ರಿಗೆ. ಗುಂಡಿಯ ಅಂಚಿನಲ್ಲಿ ಚಪ್ಪಲಿ ಇರಬೇಕಾದ ಜಾಗ ಬರಿದಾಗಿತ್ತು. ಅದನ್ನು ನೋಡಲಾರದೆ ಬಲಗಡೆಯದನ್ನು ಹೇಗೋ ಬಿಗಿದು, ದೀಪ ಆರಿಸಿ ಮೇಲೆ ಬಂದಿದ್ದ.

ಅಂದಿನಿಂದ ಅವನ ಕೈಗಳು ಅವನನ್ನು ಕೇಳದೆ ಒಂದು ಕೆಲಸ ಮಾಡಿದ್ದವು. ಕಾರು ಗಾಳಿಯಲ್ಲಿರುವಾಗಲೇ ಬಲಗಡೆಯ ಬೋಲ್ಟು ಬಿಗಿದು ಮುಗಿಸಿಬಿಡುತ್ತಿದ್ದವು. ಎಡಗಡೆ ಎಂದಿನಂತೆ ಗುಂಡಿಯಲ್ಲಿ. ಎಡಗಡೆ ಮುಗಿಯಿತೋ, ಕೆಲಸ ಮುಗಿಯಿತು. ಆ ಕರೆಯುವ ಗಳಿಗೆಯೇ ಬರುತ್ತಿರಲಿಲ್ಲ. ಟ್ಯಾಕ್ಸಿಯವನ ಕಾರು, ಮೇಷ್ಟ್ರ ಕಾರು, ಟೈಲರ್ ಕಾರು, ಅವಳನ್ನು ಕರೆಯದೆ ಉಳಿದದ್ದಕ್ಕೆ ಒಂದೊಂದೂ ಒಂದು ಬೆರಳು ಎದ್ದು ನಿಂತಿದ್ದವು.

"ಮೇಸ್ತ್ರಿ, ಬದುಕಿದ್ದೀರಾ?" ಎಂದ ಟೈಲರ್ ಮೇಲಿಂದ.

"ಇದ್ದೀನಿ. ಒಂದು ಉಪಕಾರ ಮಾಡಿ. ಡ್ರೈವರ್ ಸೀಟಲ್ಲಿ ಕೂತ್ಕೊಳ್ಳಿ."

ಟೈಲರ್ ಕೂತ. ಕಡ್ಡಿಯಂಥ ಮನುಷ್ಯ, ಕಾರಿಗೆ ಅವನು ಕೂತದ್ದು ಗೊತ್ತೇ ಆಗಲಿಲ್ಲ. ಅವನ ಬಾಯಿ ಮಾತ್ರ ಸುಮ್ಮನಿರುವ ಜಾತಿಯದಲ್ಲ. "ಈ ಸೀಟಿನ ಬಟ್ಟೆ ಯಾವನು ಹೊಲಿದನೋ, ಹೊಲಿಗೆ ಎಲ್ಲ ಸೊಟ್ಟ..." ಎಂದು ತನಗೆ ತಾನೇ ಗೊಣಗುತ್ತಿದ್ದ. ಮೇಸ್ತ್ರಿ ಬೋಲ್ಟು ಬಿಗಿಯುತ್ತಾ ಕೇಳಿಸಿಕೊಂಡ. ಕಾರಿನ ತಳದ ತಗಡು ಮೇಲಿನ ಮಾತನ್ನು ಹಾಗೇ ಕೆಳಗೆ ಇಳಿಸುತ್ತದೆ. ಗುಂಡಿಯೊಳಗೆ ಅದು ಕಿವಿಯ ಪಕ್ಕ ಆಡಿದಷ್ಟು ಸ್ಪಷ್ಟ.

ಅವಳ ಮಾತೂ ಹಾಗೇ ಕೇಳುತ್ತಿತ್ತು. ಎದುರಿಗಿದ್ದದ್ದು ಬರೀ ಗೋಡೆ, ಅದನ್ನು ನೋಡುತ್ತಾ, ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು, ಅವಳು ಮಾತಾಡುತ್ತಿದ್ದಳು. ಈ ಕಾರಿನವರ ಮನೆಯಲ್ಲಿ ನಾಯಿ ಇದೆ, ವಾಸನೆ ನೋಡಿದ್ರೆ ಗೊತ್ತಾಗುತ್ತೆ. ಈ ಕನ್ನಡೀಲಿ ನನ್ನ ಮುಖ ಅಗಲ ಕಾಣುತ್ತೆ. ಇದರಲ್ಲಿ ಕೂತು ಸಮುದ್ರದವರೆಗೂ ಹೋಗಬಹುದು ಅಲ್ವಾ, ಒಂದು ಸಲವೂ ಇಳೀದೆ. ನನಗೂ ಓಡಿಸೋದು ಕಲಿಸ್ರೀ. ಕ್ಲಚ್ಚು ಇದೇ ತಾನೆ? ಒತ್ತಿದ್ರೆ ಏನಾಗುತ್ತೆ? ಹೀಗೆ ಒಂದಕ್ಕೊಂದು ತಳಕಿಲ್ಲದ ಮಾತು. ಮೇಸ್ತ್ರಿ ಒಂದಕ್ಕೂ ಉತ್ತರ ಕೊಟ್ಟವನಲ್ಲ. ಕೊಡಬೇಕು ಎಂದೂ ಅನಿಸಿರಲಿಲ್ಲ. ಅವನ ಪಾಲಿಗೆ ಅದು ದಿನದ ಅತ್ಯಂತ ಸುಖದ ಹೊತ್ತು, ರೇಡಿಯೋ ಹಾಕಿಕೊಂಡು ಕೆಲಸ ಮಾಡಿದ ಹಾಗೆ. ರೇಡಿಯೋಗೆ ಯಾರು ಉತ್ತರ ಕೊಡುತ್ತಾರೆ?

ಈಗ ಗುಂಡಿಯಲ್ಲಿ ನಿಂತು, ಬೇರೊಬ್ಬರ ಗೊಣಗಾಟ ಕೇಳುತ್ತಾ, ಅವಳ ದನಿ ಬೇಕು ಎಂದು ಅವನಿಗೆ ಎಷ್ಟು ಅನಿಸಿತೆಂದರೆ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಕಣ್ಣೊರೆಸಿಕೊಂಡ. ಗ್ರೀಸು ಕಣ್ಣಿಗೆ ಹೋಗಿ ಇನ್ನಷ್ಟು ಉರಿಯಿತು.

ಟೈಲರ್ ಅಳೆದ. ಎರಡೂ ಕಡೆ ಒಂದೇ. ಹೋಗುವಾಗ ಅವನು ಮೇಸ್ತ್ರಿಯ ಕೆಂಪು ಕಣ್ಣು ನೋಡಿಯೂ ನೋಡದವನಂತೆ, "ಅತ್ತಿಗೆ ಯಾವಾಗ ಬರ್ತಾರೆ?" ಎಂದ.

"ಹೋಗಿ ಕೇಳ್ಕೊಂಡು ಬರ್ತೀನಿ," ಎಂದ ಮೇಸ್ತ್ರಿ. ಬಾಯಿಂದ ಬಂದ ಮೇಲೆ ಅವನಿಗೇ ಆಶ್ಚರ್ಯವಾಯಿತು.

ಮರುದಿನ ಬೆಳಿಗ್ಗೆ ಶುಭ್ರವಾದ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ. ಉಗುರಿನ ಸಂದಿಯ ಕಪ್ಪು ಮಾತ್ರ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ. ನೀನಿಲ್ಲದೆ ಕಾರು ವಾಲುತ್ತಿದೆ ಎನ್ನಬೇಕು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ನೀನು ಸೀಟಲ್ಲಿ ಕೂತು ಆಡಿದ ಒಂದೊಂದು ಮಾತೂ ನನ್ನ ಕಿವಿಯಲ್ಲಿದೆ ಎನ್ನಬೇಕು. ಹೂವು ಹಣ್ಣು ಏನೂ ಕೊಂಡಿರಲಿಲ್ಲ. ಅವಳಿಗೆ ಕೊಡಲು ಅವನು ಒಯ್ಯುತ್ತಿದ್ದದ್ದು ಇದೊಂದೇ. ಇದಕ್ಕಿಂತ ದೊಡ್ಡದು ಇನ್ನೇನಿದೆ ಎಂಬ ಧೈರ್ಯದಲ್ಲಿ ಕಿಟಕಿಗೆ ತಲೆಯಿಟ್ಟು ಸ್ವಲ್ಪ ನಿದ್ದೆಯನ್ನೂ ಮಾಡಿದ.

ಹೊರಡುವ ಮುಂಚೆ ಫೋನು ಮಾಡಿದ್ದಾಗ ಅವಳು ನಿಲ್ದಾಣಕ್ಕೆ ಬರುತ್ತೇನೆ ಎಂದಿದ್ದಳು. ಇವನು ಬಸ್ಸಿಳಿದು ನಡೆದು ಬರುವವರ ನಡುವೆ ಅವಳನ್ನು ಹುಡುಕುತ್ತಿದ್ದಾಗ ಪಕ್ಕದಲ್ಲಿ ಹಾರ್ನು ಕೇಳಿಸಿತು. ಬೂದು ಬಣ್ಣದ ಹಳೆಯ ಕಾರು. ಅಭ್ಯಾಸದಂತೆ ಮೊದಲು ಕಾರಿನ ನಾಲ್ಕು ಮೂಲೆ ನೋಡಿದ, ಮಟ್ಟವಾಗಿತ್ತು. ಆಮೇಲೆ ಒಳಗೆ ನೋಡಿದ. ಸ್ಟೀರಿಂಗಿನ ಹಿಂದೆ ಅವಳು.

"ಹತ್ತಿ. ಹಿಂದೆ ಬಸ್ಸು ಬರ್ತಿದೆ," ಎಂದಳು.

ಹತ್ತಿದ. ಅವಳ ಎಡಕ್ಕೆ ಕೂತ. ಅವಳು ಕನ್ನಡಿ ನೋಡಿ, ಕೈ ತೋರಿಸಿ, ಗೇರು ಹಾಕಿ, ಬಸ್ಸುಗಳ ಸಂದಿಯಿಂದ ಕಾರನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೊರಗೆ ತಂದಳು. ಮೇಸ್ತ್ರಿ ಬಾಯಿ ತೆರೆದವನು ಮುಚ್ಚಲು ಮರೆತ.

"ಯಾವಾಗ ಕಲಿತೆ?"

"ಭಾವನ ಕಾರು ಧೂಳು ತಿಂತಾ ನಿಂತಿತ್ತಲ್ಲ. ಅಕ್ಕನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಯಾರೂ ಇರ್ಲಿಲ್ಲ. ಅಕ್ಕ ಕಾಲಿಗೆ ಪಟ್ಟಿ ಹಾಕ್ಕೊಂಡು ನೀವು ಕೂತಿರೋ ಜಾಗದಲ್ಲೇ ಕೂತು, ಕೋಲಲ್ಲಿ ಕುಟ್ಟಿ ಕುಟ್ಟಿ ಕಲಿಸಿದಳು. ಮೊದಲನೇ ದಿನ ಕಸದ ತೊಟ್ಟಿಗೆ ಗುದ್ದಿದೆ. ಈಗ ಬೀದಿಯ ಮುದುಕಿಯರಿಗೆಲ್ಲ ನಾನೇ ಡ್ರೈವರು." ಅವಳ ಮುಖದ ಮೇಲೆ ಅವನು ಎಂದೂ ನೋಡಿರದ ಒಂದು ಬೆಳಕಿತ್ತು. ಅವಳು ತನ್ನವಳು ಎಂಬ ಹೆಮ್ಮೆ, ಇವಳು ತನಗೆ ಗೊತ್ತೇ ಇಲ್ಲ ಎಂಬ ಕಸಿವಿಸಿ, ಎರಡೂ ಒಟ್ಟಿಗೆ ಆದವು ಮೇಸ್ತ್ರಿಗೆ.

ಅಕ್ಕನ ಮನೆಯಲ್ಲಿ ಊಟವಾಯಿತು. ಅಕ್ಕ ಕೋಲಿಲ್ಲದೆ ಓಡಾಡುತ್ತಾ ಬಡಿಸಿದಳು. "ನಿಮ್ಮ ಹೆಂಡತೀನ ಇನ್ನು ಕರ್ಕೊಂಡು ಹೋಗಿಪ್ಪ. ನನ್ನ ಮನೇಲಿ ಅವಳದ್ದೇ ದರ್ಬಾರು," ಎಂದು ನಕ್ಕಳು. ಮೇಸ್ತ್ರಿ ತಟ್ಟೆಯಿಂದ ತಲೆ ಎತ್ತದೆ ಹೆಂಡತಿಯ ಉತ್ತರಕ್ಕೆ ಕಾದ. ಅವಳು ಅನ್ನದ ಪಾತ್ರೆಯನ್ನು ಅವನ ಕಡೆ ಸರಿಸಿದಳು, ಅಷ್ಟೆ.

ಸಂಜೆ ಅವಳೇ ಅವನನ್ನು ನಿಲ್ದಾಣಕ್ಕೆ ಬಿಡಲು ಹೊರಟಳು. ಬಸ್ಸು ಇನ್ನೂ ಬಂದಿರಲಿಲ್ಲ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ನು ಹಾಗೇ ಬಿಟ್ಟುಕೊಂಡು ಕೂತರು. ಇನ್ನು ಕೇಳದಿದ್ದರೆ ಕೇಳುವುದೇ ಇಲ್ಲ ಎಂದು ಮೇಸ್ತ್ರಿ ಟೈಲರ್ ಕಾರಿನ ಕಥೆ ಶುರುಮಾಡಿದ. ನೀರು ಚೆಲ್ಲಿದ್ದು, ಸ್ಪ್ರಿಂಗು ಅದಲು ಬದಲು ಮಾಡಿದ್ದು, ಬೋಲ್ಟು ಬಿಚ್ಚಿದಾಗ ಕಾರು ನಿಟ್ಟುಸಿರು ಬಿಟ್ಟದ್ದು, ಟೀ ಅಂಗಡಿಯವನು "ಕರೆದ್ರಾ" ಎಂದು ಬಂದದ್ದು, ಎಲ್ಲ ಹೇಳಿದ. ಅವಳು ಸ್ಟೀರಿಂಗಿಗೆ ಹಣೆಯಿಟ್ಟು ನಕ್ಕಳು. ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ಬಂತು.

"ನಾನಿಲ್ದೆ ಕಾರೆಲ್ಲ ವಾಲಿದ್ವಾ?"

"ವಾಲಿದ್ವು. ಯಾವಾಗ ಬರ್ತೀಯ?"

ಬಂದೇ ಬಿಟ್ಟಿತು ಆ ಮಾತು.

"ಮುಂದಿನ ವಾರ," ಎಂದಳು ಅವಳು, ಅದೇನು ದೊಡ್ಡ ವಿಷಯವೇ ಎಂಬಂತೆ. "ನೀವು ಯಾವತ್ತು ಕೇಳ್ತೀರ ಅಂತ ನೋಡ್ತಿದ್ದೆ. ಈ ಕಾರು ನೀನೇ ಇಟ್ಕೋ ಅಂದಿದ್ದಾಳೆ ಅಕ್ಕ. ಬಸ್ಸಲ್ಲಿ ಬರಲ್ಲ ನಾನು, ಓಡಿಸ್ಕೊಂಡೇ ಬರ್ತೀನಿ. ಅಲ್ಲಿವರೆಗೆ ಒಂದು ಮರಳಿನ ಚೀಲ ತುಂಬಿ ಸೀಟಲ್ಲಿ ಇಟ್ಕೊಳ್ಳಿ."

"ಎಷ್ಟು ಕೆಜಿ ತುಂಬ್ಲಿ?"

"ಹೆಂಗಸರ ತೂಕ ಕೇಳ್ತೀರಲ್ಲ, ನಾಚಿಕೆ ಆಗಲ್ವಾ?"

ಮೇಸ್ತ್ರಿಗೆ ಭೂಮಿ ಮೇಲೆ ಕಾಲು ನಿಲ್ಲಲಿಲ್ಲ. ಇಷ್ಟು ಸುಲಭವಾಗಿತ್ತೇ! ಇಲ್ಲಿಗೆ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದ್ದರೆ ಸಾಕಿತ್ತು. ಆದರೆ ತಂದ ಉಡುಗೊರೆ ಇನ್ನೂ ಕೊಟ್ಟೇ ಇರಲಿಲ್ಲವಲ್ಲ.

"ಮರಳಿನ ಚೀಲ ಯಾರಿಗೆ ಬೇಕು? ಅದು ಮಾತಾಡಲ್ಲ," ಎಂದ.

"ಅಂದ್ರೆ?"

"ನೀನು ಸೀಟಲ್ಲಿ ಕೂತು ಮಾತಾಡ್ತಿದ್ದೆಯಲ್ಲ. ಅದಿಲ್ದೆ ನನಗೆ ಆಗ್ತಿಲ್ಲ ಕಣೇ."

ಅವಳು ನಿಧಾನವಾಗಿ ಅವನ ಕಡೆ ತಿರುಗಿದಳು. "ಗುಂಡೀಲಿ ನಿಮಗೆ ಕೇಳಿಸ್ತಿತ್ತಾ?"

"ಕೇಳಿಸದೆ ಏನು? ಒಂದೊಂದು ಮಾತೂ ಕೇಳಿಸ್ತಿತ್ತು. ಪಕ್ಕದಲ್ಲಿ ಕೂತು ಹೇಳಿದ ಹಾಗೆ." ಈಗ ಅವನನ್ನು ತಡೆಯುವವರಿರಲಿಲ್ಲ. "ನಾಯಿ ವಾಸನೆ ಅಂದದ್ದು, ಕನ್ನಡೀಲಿ ಮುಖ ಅಗಲ ಅಂದದ್ದು, ಸಮುದ್ರದವರೆಗೂ ಹೋಗಬಹುದು ಅಂದದ್ದು, ಎಲ್ಲ ನೆನಪಿದೆ. ಓಡಿಸೋದು ಕಲಿಸಿ ಅಂತ ಅದೆಷ್ಟು ಸಲ ಕೇಳಿದ್ದೆ ನೀನು! ಕ್ಲಚ್ಚು ಒತ್ತಿದ್ರೆ ಏನಾಗುತ್ತೆ ಅಂತ..."

ಅವನ ನಗು ತಾನಾಗಿಯೇ ನಿಂತಿತು. ಅವಳು ನಗುತ್ತಿರಲಿಲ್ಲ. ಕೈ ಚಾಚಿ ಕೀಲಿ ತಿರುಗಿಸಿ ಇಂಜಿನ್ನು ಆರಿಸಿದಳು.

"ಮುಖ ನೋಡ್ಕೊಂಡು ಕೇಳೋಕೆ ನನಗೆ ಸಂಕೋಚ ಆಗ್ತಿತ್ತು," ಎಂದಳು. "ಅದಕ್ಕೇ ಅಲ್ಲಿ ಕೂತಾಗ ಕೇಳ್ತಿದ್ದೆ. ನೀವು ಏನೂ ಅಂತಿರ್ಲಿಲ್ಲ. ಪಾಪ, ಕೆಳಗೆ ಸ್ಪ್ಯಾನರ್ ಸದ್ದು, ಕೇಳಿಸಿರಲ್ಲ ಅಂದ್ಕೊಳ್ತಿದ್ದೆ. ಪ್ರತಿ ಸಲವೂ ಹಾಗೇ ಅಂದ್ಕೊಂಡೆ. ಅದಕ್ಕೇ ಒಂದು ದಿನವೂ ನಿಮ್ಮ ಮೇಲೆ ಬೇಜಾರು ಮಾಡ್ಕೊಂಡಿರ್ಲಿಲ್ಲ ನಾನು."

"ನಾಳೆ ನಾಡಿದ್ದು ಕಲಿಸೋಣ ಅಂತಲೇ ಇದ್ದೆ..."

"ಬಸ್ ಬಂತು ನೋಡಿ."

ಬಸ್ಸು ಬಂದಿತ್ತು. ಜನ ಮುಗಿಬಿದ್ದು ಹತ್ತುತ್ತಿದ್ದರು. ಮೇಸ್ತ್ರಿ ಇಳಿದು, ಕಾರಿನ ಮುಂದಿನಿಂದ ಸುತ್ತಿ ಬಂದು ಅವಳ ಕಿಟಕಿಯ ಪಕ್ಕ ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ಉಳಿದಿರಲಿಲ್ಲ.

"ಮುಂದಿನ ವಾರ ಬರ್ತೀಯಲ್ಲ?" ಎಂದ.

ಅವಳು ಎದುರಿನ ರಸ್ತೆಯನ್ನೇ ನೋಡುತ್ತಿದ್ದಳು. ಕಂಡಕ್ಟರ್ ಸೀಟಿ ಊದಿದ.

"ಐವತ್ತೆಂಟು ಕೆಜಿ," ಎಂದಳು. "ಒಣ ಮರಳೇ ತುಂಬಿ. ಹಸಿ ಇದ್ರೆ ಆರಿದ ಹಾಗೆ ತೂಕ ಕಮ್ಮಿ ಆಗುತ್ತೆ."